ಹೊಗೆಯ ಹದ ಬಲ್ಲವರು

ದೇವನಹಳ್ಳಿ ಕಡೆ ಒಂದು ತೋಟದ ಮನೆ. ಮಾಲೀಕರು ಬೆಂಗಳೂರಿನವರು, ಶನಿವಾರ ಭಾನುವಾರ ಬಂದು ಹೋಗುತ್ತಾರೆ. ನಮ್ಮ ಚಿಕ್ಕವ್ವ ಅಲ್ಲಿ ಕಸ ಮುಸುರೆ ಕೆಲಸಕ್ಕೆ ಹೋಗುತ್ತಾಳೆ. ಒಂದು ಸಲ ಆ ಮನೆಗೆ ಒಂದು ಪೆಟ್ಟಿಗೆ ಬಂತು. ಎದೆಮಟ್ಟದ ಎತ್ತರ, ಸಣ್ಣ ಬೀರುವಿನಂಥದ್ದು. ಗಾಜಿನ ಬಾಗಿಲು, ಒಳಗೆ ಸಾಲಾಗಿ ಕಂಬಿಯ ತಟ್ಟೆಗಳು, ತಳದಲ್ಲಿ ಕರೆಂಟಿನ ಸುರುಳಿ, ಪಕ್ಕದಲ್ಲಿ ಮರದ ಚೂರು ಹಾಕುವುದಕ್ಕೆ ಒಂದು ಗೂಡು. ಮಾಂಸವನ್ನು ಹೊಗೆಯಲ್ಲಿ ಬೇಯಿಸುವ ಎಲೆಕ್ಟ್ರಿಕ್ ಸ್ಮೋಕರ್ ಅಂತೆ ಅದು.

ಮೊದಲನೇ ಭಾನುವಾರ ಮಾಲೀಕರು ಎರಡು ಕೇಜಿಯ ಒಂದೇ ದಪ್ಪ ತುಂಡು ಹಂದಿ ಮಾಂಸವನ್ನು ಒಳಗಿಟ್ಟು ಕಾವನ್ನು ಕಡೇ ಗೆರೆಗೆ ಏರಿಸಿದರು. ಹೊರಗೆ ಕರೀ ಚಕ್ಕೆ ಕಟ್ಟಿತು, ಒಳಗೆ ಮೂಳೆ ಹತ್ತಿರ ಹಸಿ ರಕ್ತ ಹಾಗೇ ಇತ್ತು. ಎರಡನೇ ಭಾನುವಾರ ಹೆದರಿಕೊಂಡು ಕಾವನ್ನು 50 ಡಿಗ್ರಿಗೆ ಇಳಿಸಿ ರಾತ್ರಿಯೆಲ್ಲ ಬಿಟ್ಟರು. ಬೆಳಿಗ್ಗೆ ಬಾಗಿಲು ತೆಗೆದರೆ ಹುಳಿ ನಾತ. ಎರಡು ಸಲವೂ ಆ ಬಾಡನ್ನು ತಿಪ್ಪೆಗೆ ಹಾಕಿ ಪೆಟ್ಟಿಗೆ ತೊಳೆದಿಟ್ಟವಳು ಚಿಕ್ಕವ್ವ.

ಊರಿಗೆ ಹೋದಾಗ ಇದನ್ನೆಲ್ಲ ನಗುತ್ತಾ ಹೇಳಿದಳು. 'ಮೊದಲ್ನೇ ಸಲ ಉರಿ ಜಾಸ್ತಿ ಆಯ್ತು, ಎರಡ್ನೇ ಸಲ ತುಂಡು ದಪ್ಪ ಆಯ್ತು. ಅಷ್ಟೇ ಕಣಪ್ಪ' ಅಂದಳು.

'ಅವರಿಗೆ ಹೇಳಬಾರದಿತ್ತಾ ಚಿಕ್ಕವ್ವ?' ಅಂದೆ.

ನಗು ನಿಂತಿತು. 'ಹೇಳಿದ್ರೆ, ನಿಂಗೆ ಹೆಂಗೆ ಗೊತ್ತು ಅಂತಾರೆ. ಆಗ ನಾನೇನಂತ ಹೇಳ್ಲಿ?'

ಗೆಳೆಯರೆ, ಚಿಕ್ಕವ್ವನಿಗೆ ಹೆಂಗೆ ಗೊತ್ತು ಅನ್ನುವುದು ಒಂದು ಚರಿತ್ರೆ. ಗೊತ್ತಿದ್ದೂ ಯಾಕೆ ಹೇಳಲಿಲ್ಲ ಅನ್ನುವುದು ಇನ್ನೊಂದು ಚರಿತ್ರೆ. ಒಂದನ್ನು ಬಿಟ್ಟು ಇನ್ನೊಂದನ್ನು ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೆ ಎರಡನ್ನೂ ಇಲ್ಲಿ ಒಟ್ಟಿಗೆ ಹೇಳುತ್ತಿದ್ದೇನೆ.

*

ನಮ್ಮ ಸೀಮೆಯ ಕೇರಿಗಳಲ್ಲಿ ಒಣಗಿಸಿದ ಮಾಂಸಕ್ಕೆ ಕೊರಬಾಡು ಅನ್ನುತ್ತೇವೆ. ಒಣಬಾಡು ಅಂದರೂ ಅದೇ. ಬಾಡು ಬಂದ ದಿನ ಗಂಡಸರು ಪಾಲು ಹಾಕಿ ಕೈ ತೊಳೆದುಕೊಂಡರೆ ಮುಗಿಯಿತು. ಹೆಂಗಸರ ಕೆಲಸ ಆಗ ಶುರುವಾಗುತ್ತಿತ್ತು. ಫ್ರಿಜ್ಜು ಇಲ್ಲ, ಐಸು ಇಲ್ಲ. ಬೇಸಿಗೆಯಾದರೆ ಸಂಜೆಯೊಳಗೆ ಬಾಡು ಕೆಡುತ್ತದೆ. ಆವತ್ತಿಗೆ ಬೇಕಾದಷ್ಟು ಬೇಯಿಸಿಕೊಂಡು ಉಳಿದದ್ದನ್ನು ತಿಂಗಳುಗಟ್ಟಲೆ ಬರುವ ಹಾಗೆ ಮಾಡಬೇಕು.

ಮೊದಲು ಕೊಬ್ಬನ್ನು ಬಿಡಿಸಿ ಬೇರೆ ಇಡುತ್ತಿದ್ದರು, ಯಾಕೆಂದರೆ ಕೊಬ್ಬು ಬೇಗ ಕಮಟು ವಾಸನೆ ಬರುತ್ತದೆ. ಆಮೇಲೆ ಬಾಡನ್ನು ಬಾರು ಬಾರಾಗಿ, ಕಿರುಬೆರಳಿನ ದಪ್ಪಕ್ಕಿಂತ ಹೆಚ್ಚಾಗದ ಹಾಗೆ ಉದ್ದುದ್ದಕ್ಕೆ ಕೊಯ್ಯುವುದು. ಕಲ್ಲುಪ್ಪು, ಅರಿಶಿನ ಹಚ್ಚಿ ಒಂದು ರಾತ್ರಿ ಕುಕ್ಕೆಯಲ್ಲಿ ಇಟ್ಟು ನೀರು ಇಳಿಸುವುದು. ಬೆಳಿಗ್ಗೆ ಬಿಸಿಲಲ್ಲಿ ಹಗ್ಗಕ್ಕೆ ನೇತು ಹಾಕುವುದು. ಕಾಗೆ, ನಾಯಿ ಕಾಯುವ ಕೆಲಸ ನಮ್ಮಂಥ ಮಕ್ಕಳದು. ಎರಡು ಮೂರು ಬಿಸಿಲು ಕಂಡ ಮೇಲೆ ಅದನ್ನು ಒಲೆಯ ಮೇಲಿನ ಗಳಕ್ಕೆ ಏರಿಸುತ್ತಿದ್ದರು. ಮಳೆಗಾಲದಲ್ಲಿ ಬಿಸಿಲಿಲ್ಲ. ಆಗ ಮೊದಲಿನಿಂದಲೂ ಗಳವೇ ಗತಿ.

ಈ ಗಳದ ಲೆಕ್ಕ ನೋಡಿ. ಅದು ಒಲೆಯ ನೇರಕ್ಕೆ ಇರುತ್ತಿರಲಿಲ್ಲ. ಒಂದು ಮೊಳ ಪಕ್ಕಕ್ಕೆ, ನಿಂತ ಹೆಂಗಸಿನ ತಲೆಗಿಂತ ಮೇಲೆ, ಸೂರಿಗಿಂತ ಕೆಳಗೆ. ನೇರಕ್ಕಿದ್ದರೆ ಉರಿಯ ನಾಲಗೆ ತಾಗಿ ಕೊಬ್ಬು ಕರಗಿ ಒಲೆಗೆ ಬೀಳುತ್ತದೆ, ಬಾಡು ಸುಡುತ್ತದೆ. ತೀರ ಮೇಲಿದ್ದರೆ ಸೂರಿನ ಹುಲ್ಲಿನ ತೇವ ಸೇರಿ ಬೂಷ್ಟು ಹಿಡಿಯುತ್ತದೆ. ನಮ್ಮವ್ವ ದಿನಾ ಗಳದ ಹತ್ತಿರ ಅಂಗೈ ಚಾಚಿ ನಿಲ್ಲುವಳು. ಕೈ ತೆಗೆಯಬೇಕು ಅನ್ನಿಸಿದರೆ ಕಾವು ಜಾಸ್ತಿ, ಅವತ್ತು ಗಳ ಒಂದು ಗೇಣು ಮೇಲಕ್ಕೆ ಹೋಗುತ್ತಿತ್ತು. ಬಿಸಿಯೇ ಗೊತ್ತಾಗದಿದ್ದರೆ ಕೆಳಕ್ಕೆ ಬರುತ್ತಿತ್ತು. ಎಳೇ ಕೂಸಿನ ಮೈಗಿಂತ ಒಂಚೂರು ಬೆಚ್ಚಗಿರಬೇಕು ಅಷ್ಟೇ, ಅನ್ನುತ್ತಿದ್ದಳು. ಮೇಷ್ಟರಾದ ಮೇಲೆ ಒಂದು ಸಂಜೆ ಸ್ಕೂಲಿನ ಲ್ಯಾಬಿನ ಥರ್ಮಾಮೀಟರನ್ನು ದಾರದಲ್ಲಿ ಆ ಗಳಕ್ಕೆ ಕಟ್ಟಿ ನೋಡಿದೆ. 40 ಡಿಗ್ರಿಯ ಆಸುಪಾಸಿನಲ್ಲಿ ನಿಂತಿತ್ತು. ಕೂಸಿನ ಮೈ 37 ಅಲ್ಲವೆ?

ಉರಿಗೂ ನಿಯಮ ಇತ್ತು. ಅಡಿಗೆ ಆಗುವಾಗ ಬರುವ ಉರಿ ಬೇರೆ, ಅಡಿಗೆ ಆದ ಮೇಲೆ ಕೆಂಡದ ಮೇಲೆ ಬೂದಿ ಎಳೆದು, ಒಣ ಜಾಲಿಯದೋ ಹುಣಸೆಯದೋ ಒಂದು ಕೊಳ್ಳಿ ತುರುಕಿದಾಗ ಬರುವ ತೆಳು ಹೊಗೆ ಬೇರೆ. ಬಾಡಿಗೆ ಬೇಕಾದ್ದು ಎರಡನೆಯದು. ಹಸಿ ಸೌದೆ ಕೂಡದು. ಅದರ ಹೊಗೆ ದಟ್ಟಗೆ ಬರುತ್ತದೆ, ಮಸಿ ಕೂರುತ್ತದೆ, ಬಾಡು ಕಹಿಯಾಗುತ್ತದೆ. ನೀಲಗಿರಿಯಂತೂ ಬೇಡವೇ ಬೇಡ. 1980ರ ದಶಕದಲ್ಲಿ ಸಾಮಾಜಿಕ ಅರಣ್ಯದ ಹೆಸರಿನಲ್ಲಿ ವಿಶ್ವ ಬ್ಯಾಂಕಿನ ಸಾಲ ತಂದು ನಮ್ಮ ಸೀಮೆಯ ರಾಗಿ ಹೊಲಗಳಲ್ಲೆಲ್ಲ ನೀಲಗಿರಿ ನೆಟ್ಟರಲ್ಲ, ಆಗ ಕೈಗೆ ಸಿಕ್ಕುತ್ತಿದ್ದ ಸೌದೆ ಅದೊಂದೇ. 'ಬಾಡೆಲ್ಲ ಆಸ್ಪತ್ರೆ ವಾಸ್ನೆ' ಅಂತ ಕೇರಿಯ ಹೆಂಗಸರು ಬೈದುಕೊಳ್ಳುತ್ತಿದ್ದರು. 2017ರಲ್ಲಿ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಂತರ್ಜಲದ ತಜ್ಞರು ಹೇಳಿದ್ದು ಸರ್ಕಾರಕ್ಕೆ ಕೇಳಿಸಿತು. ಬಾಡಿನ ತಜ್ಞರನ್ನು ಯಾರೂ ಕೇಳಿರಲಿಲ್ಲ.

*

ಈಗ ಆ ಪೆಟ್ಟಿಗೆಗೆ ಬರೋಣ. ಅದರ ಒಳಗೆ ನಡೆಯುವುದೂ ಇದೇ.

ಸುರುಳಿ ಕಾಯುತ್ತದೆ, ಗೂಡಿನ ಚೂರು ಮರ ಉರಿಯದೆ ಹೊಗೆಯಾಡುತ್ತದೆ, ಕಾವನ್ನು ಕಾಯುವುದಕ್ಕೆ ಥರ್ಮೋಸ್ಟಾಟ್ ಅನ್ನುವ ಒಂದು ಕಾವಲುಗಾರ ಇದ್ದಾನೆ. ಹೇಳಿದ ಡಿಗ್ರಿ ಮುಟ್ಟಿದ ಕೂಡಲೇ ಕರೆಂಟು ನಿಲ್ಲಿಸುತ್ತಾನೆ, ಇಳಿದ ಕೂಡಲೇ ಬಿಡುತ್ತಾನೆ. ಹಾಗಾಗಿ ಕಾವು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಮೇಲಕ್ಕೂ ಕೆಳಕ್ಕೂ ಹತ್ತಾರು ಡಿಗ್ರಿ ಓಲಾಡುತ್ತಲೇ ಇರುತ್ತದೆ. ಅದನ್ನು ಕಂಡು ಗಾಬರಿಯಾಗಿ ಗುಂಡಿ ತಿರುಗಿಸುತ್ತಾ ಕೂರುವವರೇ ಕೆಡಿಸುವುದು. ಕಾವು ನೋಡುವ ಕಡ್ಡಿ ಇರುವುದು ಪೆಟ್ಟಿಗೆಯ ಗೋಡೆಯಲ್ಲಿ, ಬಾಡು ಇರುವುದು ತಟ್ಟೆಯ ಮೇಲೆ. ಎರಡರ ಕಾವು ಒಂದೇ ಅಲ್ಲ. ಕೆಳಗಿನ ತಟ್ಟೆ ಬಿಸಿ, ಬಾಗಿಲ ಕಡೆ ತಂಪು. ಪೆಟ್ಟಿಗೆ ತುಂಬ ಬಾಡು ಗಿಡಿದರೆ ಹೊಗೆ ಆಡುವುದಿಲ್ಲ. ಆಗಾಗ ಬಾಗಿಲು ತೆಗೆದರೆ ಕೂಡಿದ ಕಾವೆಲ್ಲ ಆಚೆಗೆ. ಮೇಲಿನ ಕಿಂಡಿ ಮುಚ್ಚಿದರೆ ತೇವವೂ ಹಳಸಿದ ಹೊಗೆಯೂ ಒಳಗೇ ಸುತ್ತಿ ಕಹಿ ಕೂರಿಸುತ್ತವೆ. ಮಾಗಿಯ ಚಳಿಗಾಳಿಯಲ್ಲಿ ಬಯಲಿಗಿಟ್ಟರೆ ಕಾವು ಏರುವುದಕ್ಕೇ ಹೆಣಗಾಡುತ್ತದೆ. ಇದನ್ನೆಲ್ಲ ಆ ಪೆಟ್ಟಿಗೆಯ ಜೊತೆ ಬಂದ ಪುಸ್ತಕದಲ್ಲಿ ಓದಿದೆ. ಓದುತ್ತಾ ಹೋದ ಹಾಗೆ ಗಳ, ಬೂದಿ, ಊದುಗೊಳವೆ, ಗುಡಿಸಲ ಬೆಳಕಿಂಡಿ ಕಣ್ಣ ಮುಂದೆ ಬಂದವು.

ಕಡ್ಡಿ ಸರಿಯಾಗಿದೆಯೋ ಇಲ್ಲವೋ ನೋಡುವುದಕ್ಕೆ ಕುದಿಯುವ ನೀರಲ್ಲಿ ಅದ್ದಿ ಅಂತ ಆ ಪುಸ್ತಕ ಹೇಳುತ್ತದೆ, 100 ಡಿಗ್ರಿ ತೋರಿಸಬೇಕು ಅನ್ನುತ್ತದೆ. ಹಳ್ಳಿಯ ಮೇಷ್ಟರುಗಳು ಇದನ್ನು ಮಕ್ಕಳಿಗೆ ಮಾಡಿ ತೋರಿಸಬಹುದು. 100 ಅನ್ನುವುದು ಸಮುದ್ರದ ದಡದ ಮಾತು. ನಮ್ಮ ಸೀಮೆ ಸಮುದ್ರಮಟ್ಟದಿಂದ ಸುಮಾರು 900 ಮೀಟರು ಮೇಲಿದೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಕಡ್ಡಿ 97 ತೋರಿಸಿದರೆ ತಪ್ಪು ಕಡ್ಡಿಯದಲ್ಲ.

ಮಾಂಸದ ವಿಷಯದಲ್ಲಿ ವಿಜ್ಞಾನ ಹೇಳುವುದು ಇಷ್ಟು. 5 ಡಿಗ್ರಿಯಿಂದ 60 ಡಿಗ್ರಿಯವರೆಗೆ ಕೆಡಿಸುವ ಜೀವಾಣುಗಳ ರಾಜ್ಯ. ಅಲ್ಲಿಂದ ತಪ್ಪಿಸಿಕೊಳ್ಳಲು ಇರುವುದು ಎರಡೇ ದಾರಿ. ಒಂದು, ತೆಳ್ಳಗೆ ಕೊಯ್ದು ಉಪ್ಪು ಹಾಕಿ ನೀರನ್ನು ತೆಗೆದುಬಿಡುವುದು. ನೀರಿಲ್ಲದ ಕಡೆ ಜೀವಾಣು ಬೆಳೆಯಲಾರದು, ಕಾವು ಕಡಿಮೆ ಇದ್ದರೂ ನಡೆಯುತ್ತದೆ, ಹೊಗೆಯಲ್ಲಿರುವ ಫಿನಾಲ್, ಫಾರ್ಮಾಲ್ಡಿಹೈಡ್‌ನಂಥ ರಸಾಯನಗಳು ಮೇಲ್ಮೈಯನ್ನು ಕಾಯುತ್ತವೆ. ಇದು ಗಳದ ದಾರಿ. ಇನ್ನೊಂದು, ದಪ್ಪ ತುಂಡಾದರೆ ಪೆಟ್ಟಿಗೆಯ ಕಾವನ್ನು 107 ಡಿಗ್ರಿಯ ಆಸುಪಾಸಿನಲ್ಲಿ ಗಂಟೆಗಟ್ಟಲೆ ಹಿಡಿದು, ತುಂಡಿನ ನಡುಮಧ್ಯ 70 ಡಿಗ್ರಿ ದಾಟುವ ತನಕ ಬೇಯಿಸುವುದು. ಇದು ಪೆಟ್ಟಿಗೆಯ ದಾರಿ. ದಪ್ಪ ತುಂಡನ್ನು ಉಪ್ಪಿಲ್ಲದೆ ಗಳದ ಕಾವಿಗೆ ಇಟ್ಟರೆ ಎರಡು ದಾರಿಯನ್ನೂ ಬಿಟ್ಟು ಹಳ್ಳಕ್ಕೆ ಬಿದ್ದ ಹಾಗೆ. ಆ ಎರಡನೇ ಭಾನುವಾರ ಆದದ್ದು ಇದು. ಮೊದಲೇ ಕಡೇ ಗೆರೆಗೆ ಕಾಯಿಸಿದರೆ ಮೇಲ್ಮೈ ಚಕ್ಕೆ ಕಟ್ಟಿ ಒಳಗಿನ ನೀರು ಆಚೆ ಬರಲಾರದೆ ನಿಲ್ಲುತ್ತದೆ, ಒಳಗೆ ಬೇಯುವ ಮೊದಲೇ ಹೊರಗೆ ಸುಡುತ್ತದೆ. ಮೊದಲನೇ ಭಾನುವಾರದ ಕತೆ ಇದು.

ಇನ್ನೊಂದು ಸೋಜಿಗ. ದಪ್ಪ ತುಂಡು 65-70 ಡಿಗ್ರಿಗೆ ಬಂದಾಗ ಗಂಟೆಗಟ್ಟಲೆ ಕಾವು ಏರದೆ ನಿಂತುಬಿಡುತ್ತದೆ. ಯಂತ್ರ ಕೆಟ್ಟಿತು ಅಂತ ಜನ ಗುಂಡಿ ತಿರುಗಿಸುತ್ತಾರೆ. ಕೆಟ್ಟಿರುವುದಿಲ್ಲ. ಬಾಡು ಬೆವರುತ್ತಿರುತ್ತದೆ. ಬೆವರು ಆರುವಾಗ ಮೈ ತಂಪಾಗುತ್ತದಲ್ಲ, ಹಾಗೆ. ನಾಟಿ ಹಾಕುವ ಹೆಂಗಸಿಗೆ, ಕಲ್ಲು ಹೊಡೆಯುವ ಗಂಡಸಿಗೆ ಇದನ್ನು ವಿವರಿಸಬೇಕಾಗಿಲ್ಲ. ಬೆವರು ಮುಗಿಯುವ ತನಕ ಕಾಯಬೇಕು.

*

ಇಷ್ಟು ಬಾಡು ನಮ್ಮ ಕೇರಿಗೆ ಎಲ್ಲಿಂದ ಬರುತ್ತಿತ್ತು? ಕೊಂಡು ತಂದದ್ದಲ್ಲ. ಬಹುಪಾಲು ಊರಿನವರ ಕೊಟ್ಟಿಗೆಯಲ್ಲಿ ಸತ್ತ ದನದ್ದು.

ದನ ಸತ್ತರೆ ಊರಿನಿಂದ ಕೂಗು ಬರುತ್ತಿತ್ತು. ಹೊತ್ತಿರಲಿ ಗೊತ್ತಿರಲಿ ಹೋಗಬೇಕು, ಗಳಕ್ಕೆ ಕಾಲು ಕಟ್ಟಿ ಹೊತ್ತು ತರಬೇಕು. ಹಾಲು ಕುಡಿದವರು ಊರಿನವರು, ಉಳುಮೆ ಮಾಡಿಸಿಕೊಂಡವರು ಊರಿನವರು, ಹೆಣ ಮಾತ್ರ ನಮ್ಮದು. ಚರ್ಮವೂ ಮತ್ತೆ ಊರಿಗೇ ಹೋಗುತ್ತಿತ್ತು. ಗೌಡರ ಕಾಲಿಗೆ ಮೆಟ್ಟಾಗಿ, ನೇಗಿಲಿಗೆ ಮಿಣಿಯಾಗಿ, ಬಾವಿಗೆ ಕಪಿಲೆಯ ಬಾನಿಯಾಗಿ. ಆ ಬಾನಿ ಎತ್ತಿದ ನೀರಿನಿಂದ ಅವರ ತೋಟ ಹಸುರಾಯಿತು. ಬಾನಿ ಹೊಲಿದವನು ಆ ಬಾವಿಯನ್ನು ಮುಟ್ಟುವ ಹಾಗಿರಲಿಲ್ಲ.

1799ರಲ್ಲಿ ಟಿಪ್ಪು ಬಿದ್ದ ಮೇಲೆ ಗೆದ್ದ ಸೀಮೆಯಲ್ಲಿ ಏನೇನಿದೆ ನೋಡಿಕೊಂಡು ಬಾ ಅಂತ ಇಂಗ್ಲಿಷರು ಫ್ರಾನ್ಸಿಸ್ ಬುಕಾನನ್‌ನನ್ನು ಕಳಿಸಿದರು. 1800ರಲ್ಲಿ ಅವನು ದೊಡ್ಡಬಳ್ಳಾಪುರದ ಮೇಲೂ ಹಾದುಹೋದ. ಬೆಳೆ, ಕಂದಾಯ, ಕಪಿಲೆ ಬಾವಿ, ಕಬ್ಬಿಣ ಕರಗಿಸುವ ಕುಲುಮೆ, ಯಾವ ಜಾತಿಯವರು ಏನು ತಿನ್ನುತ್ತಾರೆ, ಎಲ್ಲವನ್ನೂ ಬರೆದುಕೊಂಡ. 1807ರಲ್ಲಿ ಲಂಡನ್ನಿನಲ್ಲಿ ಅದು ಮೂರು ಸಂಪುಟವಾಗಿ ಬಂತು. 20ನೇ ಶತಮಾನದಲ್ಲಿ ನಂಜುಂಡಯ್ಯ ಮತ್ತು ಅನಂತಕೃಷ್ಣ ಅಯ್ಯರ್ ಮೈಸೂರಿನ ಜಾತಿಗಳ ಬಗ್ಗೆ ಬರೆದ ಸಂಪುಟಗಳಲ್ಲೂ ನಮ್ಮ ಊಟದ ಮಾತು ಇದೆ. ನಾವು ತಿನ್ನುವುದು ನಮ್ಮ ಜಾತಿಯ ಗುರುತಾಗಿ ದಾಖಲಾಯಿತು. ತಿನ್ನುವುದನ್ನು ಕೆಡದಂತೆ ಇಡುವುದು ಒಂದು ವಿದ್ಯೆ ಅಂತ ಲೆಕ್ಕಕ್ಕೆ ಬರಲಿಲ್ಲ. ಕುಲುಮೆಯ ಕಾವಿಗೆ ಸಿಕ್ಕ ಮರ್ಯಾದೆ ಒಲೆಯ ಕಾವಿಗೆ ಸಿಗಲಿಲ್ಲ.

ಆ ವಿದ್ಯೆ ಎಂಥ ಹೊತ್ತಿಗೆ ಬೇಕಾಗುತ್ತಿತ್ತು ಅನ್ನುವುದಕ್ಕೆ ಒಂದು ಅಂಕಿ ಸಾಕು. 1871ರಲ್ಲಿ ಮೈಸೂರು ಸಂಸ್ಥಾನದ ಜನಸಂಖ್ಯೆ 50,55,412. ಹತ್ತು ವರ್ಷದ ಮೇಲೆ, 1881ರಲ್ಲಿ, 41,86,188. ನಡುವೆ ಬಂದದ್ದು 1876-78ರ ಬರ. ಮೇವಿಲ್ಲದೆ ದನಗಳು ಸಾಲುಸಾಲಾಗಿ ಸತ್ತವು. ಒಲೆಯ ಮೇಲೆ ನಾಲ್ಕು ಬಾರು ಬಾಡಿದ್ದ ಗುಡಿಸಲಿಗೂ ಇಲ್ಲದ ಗುಡಿಸಲಿಗೂ ಇದ್ದ ಅಂತರ ಎಷ್ಟು ಅಂತ ಯೋಚಿಸಿ.

ಸತ್ತ ದನದ ಬಾಡನ್ನು ಕಣ್ಣು ಮುಚ್ಚಿ ತರುತ್ತಿರಲಿಲ್ಲ. ಮೂಗು ಬಾಯಲ್ಲಿ ಹೆಪ್ಪುಗಟ್ಟದ ಕಪ್ಪು ರಕ್ತ ಇದ್ದರೆ ಹಿರಿಯರು ಮುಟ್ಟಬೇಡಿ ಅನ್ನುತ್ತಿದ್ದರು. ಅದು ನೆರಡಿ ರೋಗದ ಗುರುತು. ನೆರಡಿಯ ಜೀವಾಣು ಉಪ್ಪಿಗೂ ಹೊಗೆಗೂ ಬಗ್ಗುವುದಿಲ್ಲ ಅಂತ ವಿಜ್ಞಾನವೂ ಹೇಳುತ್ತದೆ. ಹಸಿವು ಆ ಎಚ್ಚರವನ್ನು ಗೆದ್ದ ದಿನಗಳೂ ಇದ್ದವು. ಅಂಥ ದಿನಗಳಲ್ಲಿ ಸತ್ತವರ ಲೆಕ್ಕ ಇಟ್ಟವರಿಲ್ಲ.

*

ಇಲ್ಲಿಗೆ ಒಬ್ಬ ಗೆಳೆಯ ಎದ್ದು ನಿಂತು ಕೇಳುತ್ತಾನೆ ಅಂತ ನನಗೆ ಗೊತ್ತು. 'ಏನ್ ಮೇಷ್ಟ್ರೇ, ಬಾಬಾಸಾಹೇಬರು ಸತ್ತ ದನದ ಬಾಡು ಬಿಡಿ ಅಂದರು, ನೀವು ಅದನ್ನೇ ವಿದ್ಯೆ ಅಂತ ಹೊಗಳುತ್ತಾ ಕೂತಿದ್ದೀರಲ್ಲ?'

ನ್ಯಾಯವಾದ ಪ್ರಶ್ನೆ. 1927ರ ಮಾರ್ಚ್ 19-20ರಂದು ಮಹಾಡದ ಸಮ್ಮೇಳನದಲ್ಲಿ ಅಂಬೇಡ್ಕರ್ ಸತ್ತ ದನ ಎಳೆಯುವುದನ್ನೂ ಅದನ್ನು ತಿನ್ನುವುದನ್ನೂ ಬಿಡಿ ಅಂದರು. 1948ರಲ್ಲಿ ಬರೆದ ಅಸ್ಪೃಶ್ಯರ ಮೂಲದ ಪುಸ್ತಕದಲ್ಲಿ, ಒಡೆದು ಚೂರಾದ ಬಡ ಜನ ದನದ ಮಾಂಸ ಬಿಡಲಾರದೆ ಹೋದದ್ದೇ ಅವರನ್ನು ಊರಾಚೆ ಇಡುವುದಕ್ಕೆ ಕಾರಣವಾಯಿತು ಅಂತ ವಾದಿಸಿದರು. 2016ರ ಜುಲೈಯಲ್ಲಿ ಗುಜರಾತಿನ ಊನಾದಲ್ಲಿ ಸತ್ತ ದನದ ಚರ್ಮ ಸುಲಿದದ್ದಕ್ಕೆ ನಮ್ಮ ಹುಡುಗರನ್ನು ಕಟ್ಟಿ ಹೊಡೆದಾಗ, ಅಲ್ಲಿನ ದಲಿತರು ಇನ್ನು ಹೆಣ ಎತ್ತುವುದಿಲ್ಲ ಅಂತ ನಿಂತರು. ನಮ್ಮ ಕೇರಿಯಲ್ಲೂ ನಮ್ಮಪ್ಪನ ಕಾಲಕ್ಕೇ ಅದು ನಿಂತಿತು. ನಿಲ್ಲಿಸಿದವರು ಸರಿಯಾಗಿಯೇ ಮಾಡಿದರು.

ಆದರೆ ಬಾಬಾಸಾಹೇಬರು ಬಿಡಿ ಅಂದದ್ದು ಹಂಗನ್ನು. ಬಿಟ್ಟಿ ಚಾಕರಿಯನ್ನು ಬಿಡಬೇಕಿತ್ತು, ಬಿಟ್ಟೆವು. ಅದರ ಜೊತೆಗೆ ನಮ್ಮವ್ವಂದಿರ ಕೈಯ ಲೆಕ್ಕವನ್ನೂ ನಾಚಿಕೆಯ ಗಂಟಿಗೆ ಸೇರಿಸಿ ಬಿಸಾಕಿದೆವು. ನಾನೂ ಬಿಸಾಕಿದವನೇ. ಹೈಸ್ಕೂಲಿನಲ್ಲಿ ಪಕ್ಕದಲ್ಲಿ ಕೂತವನು ನನ್ನ ಅಂಗಿ ಮೂಸಿ ಹೊಗೆ ವಾಸನೆ ಅಂದ ದಿನ ಮನೆಗೆ ಬಂದು, ಗಳದ ಮೇಲಿದ್ದ ಬಾಡನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದೆ. ಅವ್ವ ಒಂದು ಮಾತೂ ಆಡದೆ ಒಂದೊಂದೇ ಆಯ್ದು, ಮಣ್ಣು ಕೊಡವಿ, ಮತ್ತೆ ಗಳಕ್ಕೆ ಹಾಕಿದಳು. ಅಂಗೈ ಚಾಚಿ ಕಾವು ನೋಡಿದಳು.

ಹೊಗೆಯನ್ನೂ ನಾನು ಹೊಗಳುತ್ತಿಲ್ಲ. ಆ ಹೊಗೆ ಬಾಡನ್ನು ಕಾಯಿತು, ಅವ್ವನ ಕಣ್ಣನ್ನೂ ಎದೆಯನ್ನೂ ತಿಂದಿತು. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ 32 ಲಕ್ಷ ಜನ ಸತ್ತರು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಹೊಗೆಯಾಡಿಸಿದ, ಉಪ್ಪು ಹಾಕಿ ಸಂಸ್ಕರಿಸಿದ ಮಾಂಸವನ್ನು ಹೆಚ್ಚು ತಿಂದರೆ ಕರುಳಿನ ಕ್ಯಾನ್ಸರ್ ಬರಬಹುದು ಅಂತ 2015ರಲ್ಲಿ ಅದೇ ಸಂಸ್ಥೆಯ ಕ್ಯಾನ್ಸರ್ ವಿಭಾಗ ಹೇಳಿತು. ಇದು ತೋಟದ ಮನೆಯ ಪೆಟ್ಟಿಗೆಗೂ ಅನ್ವಯಿಸುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ಅಸ್ತ್ರ ಅನ್ನುವ ತಂಡ ಹಳ್ಳಿಯವರಿಗಾಗಿ ಅಸ್ತ್ರ ಒಲೆ ಮಾಡಿತು. ಮೂರು ಪಾತ್ರೆಯ ಒಲೆ, ಸೌದೆ ಉಳಿಸುತ್ತದೆ, ಹೊಗೆಯನ್ನು ಕೊಳವೆಯಲ್ಲಿ ಆಚೆ ಕಳಿಸುತ್ತದೆ. 1980ರ ದಶಕದಲ್ಲಿ ಅದು ಕರ್ನಾಟಕದ ಹಳ್ಳಿಗಳಿಗೆ ಬಂತು. ಹೆಂಗಸರ ಎದೆ ಉಳಿಸುವ ಒಳ್ಳೆಯ ಕೆಲಸ. 2016ರಿಂದ ಉಜ್ವಲ ಯೋಜನೆಯಲ್ಲಿ ಗ್ಯಾಸು ಬಂತು. ಅದೂ ಒಳ್ಳೆಯದೇ. ಹೊಗೆ ಹೋಯಿತು, ಗಳ ಇಳಿಯಿತು.

ಬಾಡು ಬರುವ ದಾರಿಯೂ ಮುಚ್ಚುತ್ತಾ ಬಂತು. ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಉಳುವ ಎತ್ತು ಕೊಳ್ಳುವುದಕ್ಕೆ ಬರುತ್ತಿದ್ದ ರೈತರ ಹೊಲಕ್ಕೆ ಟ್ರಾಕ್ಟರು ಬಂತು. 1964ರ ಮೈಸೂರಿನ ಕಾಯಿದೆ ಹಸುವನ್ನು ಕೊಲ್ಲಬಾರದು ಅಂದಿತ್ತು, 12 ವರ್ಷ ದಾಟಿದ ಎತ್ತು ಎಮ್ಮೆಗಳಿಗೆ ಪರವಾನಗಿ ಇತ್ತು. 2020ರ ಕಾಯಿದೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲವನ್ನೂ ನಿಷೇಧಿಸಿತು. ತಪ್ಪಿದರೆ 3ರಿಂದ 7 ವರ್ಷ ಜೈಲು, 50,000 ರೂಪಾಯಿಗೆ ಕಡಿಮೆಯಿಲ್ಲದ ದಂಡ. ಇವತ್ತು ಒಂದು ಮನೆಯ ಗಳದ ಮೇಲೆ ಬಾಡು ನೇತಾಡಿದರೆ ಅದು ಯಾವುದರ ಬಾಡು ಅಂತ ಕೇಳುವುದಕ್ಕೆ ದಾರಿಹೋಕರಿಗೂ ಧೈರ್ಯ ಬಂದಿದೆ. ಕಾಯಿದೆ ಬಾಡಿಗಿಂತ ಮೊದಲು ಬಾಯಿಗೆ ಬೀಗ ಹಾಕಿತು.

*

ಇದೇ ಹೊತ್ತಿನಲ್ಲಿ ಹೊಗೆಗೆ ಇನ್ನೊಂದು ಬಾಗಿಲಿನಿಂದ ಮರ್ಯಾದೆ ಬಂತು. ಬೆಂಗಳೂರಿನ ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಹೊಗೆಯಾಡಿಸಿದ ಮಾಂಸ ಅಂದರೆ ಬೆಲೆ ಜಾಸ್ತಿ. ತೋಟದ ಮನೆಗಳಲ್ಲಿ ಪೆಟ್ಟಿಗೆ ಬಂತು. ಆ ಪೆಟ್ಟಿಗೆ ಒಂದಕ್ಕೆ 800 ವಾಟ್ ಕರೆಂಟು. ನಮ್ಮ ಕೇರಿಗೆ ಭಾಗ್ಯಜ್ಯೋತಿ ಬಂದಾಗ ಮನೆಗೆ ಒಂದೇ ಬಲ್ಬು, 40 ವಾಟ್. ಒಂದು ಪೆಟ್ಟಿಗೆ ಅಂದರೆ ಇಪ್ಪತ್ತು ಮನೆಯ ದೀಪ. ಕರ್ನಾಟಕದಲ್ಲಿ ಕರೆಂಟು ಮೊದಲು ಹೋದದ್ದೂ ಮನೆಗಳಿಗಲ್ಲ. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಯ ಯಂತ್ರಗಳಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಗಣಿಯ ಒಳಗೆ ಇಳಿದವರಲ್ಲಿ ಬಹಳ ಮಂದಿ ನಮ್ಮವರು.

ಈ ಪೆಟ್ಟಿಗೆಯ ಸಂಸ್ಕೃತಿ ಬಂದದ್ದು ಅಮೆರಿಕದಿಂದ. ಅಲ್ಲಿ ಈ ವಿದ್ಯೆ ಯಾರದು? ದಕ್ಷಿಣದ ರಾಜ್ಯಗಳಲ್ಲಿ ದೊಡ್ಡ ಧಣಿಗಳ ಔತಣಕ್ಕೆ ನೆಲದಲ್ಲಿ ಗುಂಡಿ ತೋಡಿ, ರಾತ್ರಿಯೆಲ್ಲ ಕೆಂಡ ಕಾಯ್ದು, ಇಡೀ ಪ್ರಾಣಿಯನ್ನು ಹೊಗೆಯಲ್ಲಿ ಹದ ಮಾಡುತ್ತಿದ್ದವರು ಗುಲಾಮರಾಗಿದ್ದ ಕಪ್ಪು ಜನ. ಉರಿ ಕಾಯ್ದವರು ಅವರು, ಮೇಜಿನ ಸುತ್ತ ಕೂತವರು ಧಣಿಗಳು. 1966ರಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷ ಕಟ್ಟಿದ ಇಬ್ಬರಲ್ಲಿ ಬಾಬಿ ಸೀಲ್ ಒಬ್ಬ. ಆ ಪಕ್ಷದ ಹೆಸರು ಕೇಳಿಯೇ 1972ರಲ್ಲಿ ಮುಂಬಯಿಯ ನಮ್ಮ ಹುಡುಗರು ದಲಿತ ಪ್ಯಾಂಥರ್ಸ್ ಅಂತ ಹೆಸರಿಟ್ಟುಕೊಂಡದ್ದು. ಅದೇ ಬಾಬಿ ಸೀಲ್ 1988ರಲ್ಲಿ ಒಂದು ಪುಸ್ತಕ ತಂದ. ಕ್ರಾಂತಿಯ ಪುಸ್ತಕ ಅಲ್ಲ, ಮಾಂಸವನ್ನು ಕೆಂಡ ಹೊಗೆಯಲ್ಲಿ ಬೇಯಿಸುವ ಪುಸ್ತಕ. ಹೆಸರು ಬಾರ್ಬಿಕ್ಯೂಯಿನ್ ವಿತ್ ಬಾಬಿ. ಆ ಪುಸ್ತಕದ ಸುದ್ದಿ ಮೊದಲು ಕೇಳಿದಾಗ ನನಗೆ ನಗು ಬಂದಿತ್ತು. ಈಗ ಬರುವುದಿಲ್ಲ. ಬಂದೂಕು ಹಿಡಿದು ನಿಂತಿದ್ದವನು ತನ್ನವರ ಅಡಿಗೆಯನ್ನು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿದ. ನನಗೆ ಹೆಂಗೆ ಗೊತ್ತು ಅಂದರೆ ನಮ್ಮವರಿಂದ ಗೊತ್ತು ಅಂತ ಮುಖ ಎತ್ತಿ ಹೇಳಿದ.

ನಮ್ಮಲ್ಲೂ ಉರಿಯ ಹದಕ್ಕೆ ಮರ್ಯಾದೆ ಸಿಗುವುದಿಲ್ಲ ಅಂತಲ್ಲ. ಭಾನುವಾರ ಬೆಳಗಿನ ಜಾವ ಹೊಸಕೋಟೆಗೆ ಹೋಗಿ ನೋಡಿ. ಸೌದೆ ಒಲೆಯ ಮೇಲೆ ಹಂಡೆ, ಮುಚ್ಚಳದ ಮೇಲೆ ಕೆಂಡ, ಮೇಲೆ ಕೆಳಗೆ ಎರಡೂ ಕಡೆಯ ಕಾವಿನಲ್ಲಿ ದಮ್ ಬಿರಿಯಾನಿ. ಬೆಂಗಳೂರಿನ ಕಾರುಗಳು ಕತ್ತಲಲ್ಲೇ ಬಂದು ಸಾಲು ನಿಲ್ಲುತ್ತವೆ. ಅದು ಆಗಬಹುದಾದರೆ ಇದು ಯಾಕೆ ಆಗಬಾರದು? ಮೈಸೂರಿನಲ್ಲಿ 1950ರಿಂದ ಕೇಂದ್ರ ಆಹಾರ ಸಂಶೋಧನಾಲಯ ಇದೆ. ಅಲ್ಲಿ ಮಾಂಸಕ್ಕೇ ಒಂದು ವಿಭಾಗ ಇದೆ. ನಮ್ಮ ಮಕ್ಕಳು ಅಲ್ಲಿಗೆ ಓದುವುದಕ್ಕೆ ಹೋಗಬೇಕು. ಹೋಗುವಾಗ ಅವ್ವನ ಅಂಗೈ ಲೆಕ್ಕವನ್ನು ಜೊತೆಗೆ ತೆಗೆದುಕೊಂಡು ಹೋಗಬೇಕು. ಹೊಗೆ ಎದೆಗೆ ಹೋಗದ ಹಾಗೆ, ಬಾಡಿಗೆ ಮಾತ್ರ ತಾಗುವ ಹಾಗೆ, ಕೇರಿಯ ಹೆಂಗಸರು ಕೂಡಿ ನಡೆಸಬಹುದಾದ ಒಂದು ಗೂಡು ಮಾಡುವುದು ಅಂಥ ದೊಡ್ಡ ವಿಜ್ಞಾನವಲ್ಲ. ಕುರಿಯದಾಗಲಿ, ಕೋಳಿಯದಾಗಲಿ, ಮೀನಾಗಲಿ, ಕಾವಿನ ನಿಯಮ ಒಂದೇ.

ಮೇಷ್ಟರುಗಳಿಗೆ ಒಂದು ಕೋರಿಕೆ. ಮಕ್ಕಳಿಗೆ ರಜೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರುವುದಕ್ಕೆ ಹೇಳಿ. ಯಾವ ಸೌದೆ, ಎಷ್ಟು ಎತ್ತರ, ಎಷ್ಟು ದಿನ, ಎಷ್ಟು ಉಪ್ಪು. ಯಾವ ಪ್ರಾಣಿ ಅಂತ ಕೇಳಬೇಡಿ, ಆ ಪ್ರಶ್ನೆಗೆ ಬೇರೆಯವರು ಕಾದು ಕೂತಿದ್ದಾರೆ. ಆ ಮಗುವಿನ ಬರಹವನ್ನು ತರಗತಿಯ ಮುಂದೆ ಗಟ್ಟಿಯಾಗಿ ಓದಿಸಬೇಡಿ. ಮೊದಲು ನೀವು ನಿಮ್ಮದನ್ನು ಓದಿ. ನೀವು ಓದಿದ ಮೇಲೆ ಅದಕ್ಕೆ ಇಷ್ಟವಾದರೆ ತಾನೇ ಓದುತ್ತದೆ.

ನಾನು ಚಿಕ್ಕವ್ವನದನ್ನು ಬರೆದುಕೊಂಡೆ. ಒಂದು ಸೇರು ಬಾಡಿಗೆ ಒಂದು ಹಿಡಿ ಕಲ್ಲುಪ್ಪು, ಒಂದು ರಾತ್ರಿ ಕುಕ್ಕೆ, ಎರಡು ಬಿಸಿಲು, ಹನ್ನೆರಡು ದಿನ ಗಳ, ಒಣ ಜಾಲಿ, ಕೂಸಿನ ಮೈ ಕಾವು. ಪತ್ರಿಕೆಯಲ್ಲಿ ಅಚ್ಚಾಗುತ್ತದೆ ಅಂದೆ. ತೋಟದ ಮನೆಯವರಿಗೂ ಇದನ್ನು ಕೊಡಲಾ ಅಂತ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು.

'ಅದು ಆಮ್ಯಾಕೆ ನೋಡಾನ' ಅಂದಳು. 'ಹಿಡಿ ಅಂತ ಬರ್ದಿದೀಯಲ್ಲ, ನಿನ್ನ ಹಿಡಿ ಅಲ್ಲ, ಹೆಂಗಸ್ರ ಹಿಡಿ ಅಂತ ಬರಿ. ಇಲ್ದಿದ್ರೆ ಉಪ್ಪು ಜಾಸ್ತಿ ಆಗೋಗ್ತದೆ.'